ಪತ್ರೊಡೆಯ ಎಲೆಯನ್ನು ಎಷ್ಟು ಬಗೆಯಲ್ಲಿ ನೋಡಬಹುದು?

ಆಟಿ ತಿಂಗಳ ಒಂದು ಭಾನುವಾರ ಸಂಜೆ ಮಂಗಳೂರಿನಲ್ಲಿ ಮೈಕ್ರೋಸ್ಕೋಪುಗಳ ಬಗ್ಗೆ ಆಡಿದ ಮಾತುಗಳಿವು. ಬರಲಾಗದವರು ಕೇಳಿದರೆಂದು ಬರೆದು ಕೊಡುತ್ತಿದ್ದೇನೆ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ. ನನಗೆ ತುಂಬ ಖುಷಿಯಾಯಿತು.

ಮೊದಲು ಈ ಎಲೆ ನೋಡಿ. ಬೆಳಿಗ್ಗೆ ನಮ್ಮ ಹಿತ್ತಿಲಲ್ಲಿ ಕೊಯ್ದ ಕೆಸುವಿನ ಎಲೆ. ಇದರ ಮೇಲೆ ನೀರು ಹಾಕುತ್ತೇನೆ. ನೋಡಿ, ಎಲೆ ಒದ್ದೆಯೇ ಆಗುವುದಿಲ್ಲ. ನೀರು ಮುತ್ತಿನ ಹಾಗೆ ಉಂಡೆ ಕಟ್ಟಿ ಉರುಳಿ ಹೋಗುತ್ತದೆ. ಈ ಎಲೆಗೆ ಹಿಟ್ಟು ಸವರಿ, ಸುತ್ತಿ ಬೇಯಿಸುವುದೇ ಪತ್ರೊಡೆ. ಹುಣಸೆಹುಳಿ ಸರಿಯಾಗಿ ಹಾಕದೆ ಅದನ್ನು ಮಾಡಿದರೆ ಬಾಯೆಲ್ಲ ತುರಿಸುತ್ತದೆ ಎಂದು ನಮ್ಮಮ್ಮ ಹೇಳುತ್ತಿದ್ದರು. ನೀರು ಯಾಕೆ ಅಂಟುವುದಿಲ್ಲ? ಬಾಯಿ ಯಾಕೆ ತುರಿಸುತ್ತದೆ? ಎರಡೂ ಈ ಎಲೆಯದೇ ಪ್ರಶ್ನೆಗಳು. ಆದರೆ ಎರಡಕ್ಕೂ ಉತ್ತರ ಒಂದೇ ಮೈಕ್ರೋಸ್ಕೋಪಿನಲ್ಲಿ ಸಿಗುವುದಿಲ್ಲ. ಇವತ್ತು ನಾನು ಹೇಳಲು ಬಂದದ್ದು ಇದನ್ನೇ.

ನಾನು ಮೂವತ್ತೊಂದು ವರ್ಷ ಲ್ಯಾಬ್ ಟೆಕ್ನಿಷಿಯನ್ ಆಗಿದ್ದೆ. ದಿನವಿಡೀ ಮೈಕ್ರೋಸ್ಕೋಪಿನ ಮುಂದೆ ಕೂರುವ ಕೆಲಸ. ಯಾರು ನೋಡಲು ಬಂದರೂ ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ. "ಮೇಡಂ, ಇದು ಎಷ್ಟು ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ?" ಕೇಳಬೇಕಾದ ಪ್ರಶ್ನೆಯೇ. ಆದರೆ ಅದನ್ನು ಕೊನೆಗೆ ಕೇಳಬೇಕು. ಯಾಕೆ ಎಂದು ಹೇಳುತ್ತೇನೆ.

ರಾತ್ರಿ ಹೊತ್ತು ತಣ್ಣೀರುಬಾವಿ ಕಡೆ ಹೋದವರಿಗೆ ಗೊತ್ತು. ಬಂದರಿಗೆ ಬರಲು ಕಾಯುತ್ತಾ ಹಡಗುಗಳು ದೂರದಲ್ಲಿ ಲಂಗರು ಹಾಕಿ ನಿಂತಿರುತ್ತವೆ. ಲಂಗರು ಹಾಕಿದ ದೊಡ್ಡ ಹಡಗು ಮುಂದೊಂದು, ಹಿಂದೊಂದು ದೀಪ ಹಚ್ಚಿರಬೇಕು. ಹತ್ತಿರದ ಹಡಗಿನ ಎರಡು ದೀಪಗಳೂ ಬೇರೆ ಬೇರೆಯಾಗಿ ಕಾಣುತ್ತವೆ. ತುಂಬ ದೂರ ಇದ್ದರೆ ಎರಡೂ ಸೇರಿ ಒಂದೇ ಚುಕ್ಕೆ. ಈಗ ಮೊಬೈಲಿನಲ್ಲಿ ಅದರ ಫೋಟೋ ತೆಗೆದು ಬೆರಳಲ್ಲಿ ಹಿಗ್ಗಿಸಿ ನೋಡಿ. ಚುಕ್ಕೆ ದೊಡ್ಡದಾಗುತ್ತದೆ, ಆದರೆ ಎರಡು ದೀಪ ಆಗುವುದಿಲ್ಲ. ಮಸುಕೇ ದೊಡ್ಡದಾಗುತ್ತದೆ, ಅಷ್ಟೆ. ಪಟ್ಟು ಎಂದರೆ ಹಿಗ್ಗಿಸುವುದು. ಮೈಕ್ರೋಸ್ಕೋಪಿನ ನಿಜವಾದ ಕೆಲಸ ಬೇರ್ಪಡಿಸುವುದು. ಪಕ್ಕಪಕ್ಕದಲ್ಲಿರುವ ಎರಡನ್ನು ಎರಡಾಗಿ ತೋರಿಸಬೇಕು.

ಈ ಬೇರ್ಪಡಿಸುವ ಶಕ್ತಿಗೆ ಒಂದು ಮಿತಿ ಇದೆ. 1873ರಲ್ಲಿ ಜರ್ಮನಿಯ ಅರ್ನ್ಸ್ಟ್ ಅಬೆ ಅದನ್ನು ಲೆಕ್ಕ ಹಾಕಿ ತೋರಿಸಿದರು. ಬೆಳಕು ಅಲೆ. ಅಲೆಗೆ ಒಂದು ಉದ್ದ ಇದೆ. ಲೆನ್ಸನ್ನು ಎಷ್ಟೇ ಚೆನ್ನಾಗಿ ಮಾಡಿ, ಅಲೆಯ ಉದ್ದದ ಅರ್ಧಕ್ಕಿಂತ ತುಂಬ ಚಿಕ್ಕದನ್ನು ಅದು ಬಿಡಿಸಿ ತೋರಿಸಲಾರದು. ಹಸಿರು ಬೆಳಕಿನ ಅಲೆ ಸುಮಾರು 550 ನ್ಯಾನೋಮೀಟರ್. ಹಾಗಾಗಿ ಸಾಮಾನ್ಯ ಮೈಕ್ರೋಸ್ಕೋಪಿನ ಕೊನೆಯ ಗಡಿ ಸುಮಾರು 200 ನ್ಯಾನೋಮೀಟರ್, ಅಂದರೆ 0.2 ಮೈಕ್ರಾನ್.

ಈ ಅಳತೆಗಳನ್ನು ಒಮ್ಮೆ ಮನಸ್ಸಿನಲ್ಲಿ ಕೂರಿಸಿಕೊಳ್ಳೋಣ. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಒಂದು ಭಾಗ ಒಂದು ಮೈಕ್ರಾನ್. ಅದನ್ನು ಮತ್ತೆ ಸಾವಿರ ಭಾಗ ಮಾಡಿದರೆ ಒಂದು ನ್ಯಾನೋಮೀಟರ್. ತಲೆಕೂದಲಿನ ದಪ್ಪ ಸುಮಾರು 70 ಮೈಕ್ರಾನ್. ಕೆಂಪು ರಕ್ತಕಣ ಏಳೆಂಟು ಮೈಕ್ರಾನ್ ಅಗಲ. ಬ್ಯಾಕ್ಟೀರಿಯಾ ಒಂದೋ ಎರಡೋ ಮೈಕ್ರಾನ್. ಮಂಗನ ಕಾಯಿಲೆಯ ವೈರಸ್ ಸುಮಾರು 50 ನ್ಯಾನೋಮೀಟರ್, ಅಂದರೆ 0.05 ಮೈಕ್ರಾನ್. 0.2 ಗಡಿ ಎಂದರೆ ಬ್ಯಾಕ್ಟೀರಿಯಾ ಈಚೆ, ಈ ವೈರಸ್ ಆಚೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಗೊತ್ತಾದಾಗಲೂ, ಈಗಲೂ, ರಕ್ತದ ಸ್ಲೈಡ್ ಮಾಡಿ ಸಾಮಾನ್ಯ ಮೈಕ್ರೋಸ್ಕೋಪಿನಲ್ಲಿಟ್ಟು ಆ ವೈರಸ್ಸನ್ನು ನೋಡಲು ಸಾಧ್ಯವಿಲ್ಲ. ಟೆಕ್ನಿಷಿಯನ್ ಎಷ್ಟೇ ಪಳಗಿದವರಾಗಿದ್ದರೂ ಅಷ್ಟೆ.

ಈಗ ಎಲೆಗೆ ಬರೋಣ.

ಎಲ್ಲಕ್ಕಿಂತ ಸುಲಭದ್ದು ಒಂದೇ ಲೆನ್ಸಿನ ಭೂತಗನ್ನಡಿ. ಅದನ್ನು ಕಡಿಮೆ ಎಣಿಸಬೇಡಿ. 1670ರ ದಶಕದಲ್ಲಿ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಆಂಟೋನಿ ವಾನ್ ಲೇವನ್‌ಹುಕ್ ಬ್ಯಾಕ್ಟೀರಿಯಾವನ್ನು ಮೊದಲು ನೋಡಿದ್ದು ಒಂದೇ ಲೆನ್ಸಿನಲ್ಲಿ. ಸಣ್ಣ ಮಣಿಯಂಥ ಗಾಜು. ಅವರ ಲೆನ್ಸುಗಳಲ್ಲಿ ಉಳಿದಿರುವ ಒಂದು ಸುಮಾರು 270 ಪಟ್ಟು ತೋರಿಸುತ್ತದೆ. ಅದಕ್ಕೂ ಮೊದಲೇ, 1665ರಲ್ಲಿ, ರಾಬರ್ಟ್ ಹುಕ್ ಎರಡು ಲೆನ್ಸುಗಳ ಯಂತ್ರದಲ್ಲಿ ಬೆಂಡಿನ ಚೂರು ನೋಡಿ ಅದರ ಗೂಡುಗಳಿಗೆ 'ಸೆಲ್' ಎಂದು ಹೆಸರಿಟ್ಟಿದ್ದರು. ಆದರೆ ಆ ಕಾಲದಲ್ಲಿ ಎರಡು ಲೆನ್ಸ್ ಸೇರಿಸಿದರೆ ಎರಡರ ದೋಷವೂ ಸೇರುತ್ತಿತ್ತು. ಒಂದೇ ಲೆನ್ಸಿನ ಚಿತ್ರವೇ ಚೊಕ್ಕಟವಾಗಿರುತ್ತಿತ್ತು.

ಆಮೇಲೆ ಸ್ಟೀರಿಯೋ ಮೈಕ್ರೋಸ್ಕೋಪ್. ಇದನ್ನು ನೋಡಬೇಕೆಂದರೆ ಲ್ಯಾಬಿಗೆ ಹೋಗಬೇಕಾಗಿಲ್ಲ. ಮೊಬೈಲ್ ರಿಪೇರಿ ಅಂಗಡಿಗೆ ಹೋಗಿ. ಹುಡುಗರು ಎರಡು ಕಣ್ಣಿಟ್ಟು ಬೋರ್ಡಿನ ಮೇಲೆ ಬೆಸುಗೆ ಹಾಕುತ್ತಿರುತ್ತಾರಲ್ಲ, ಅದೇ. ಪಟ್ಟು ಕಡಿಮೆ, ಹೆಚ್ಚೆಂದರೆ ನಲವತ್ತೋ ಐವತ್ತೋ. ಆದರೆ ಎರಡು ಕಣ್ಣಿಗೂ ಬೇರೆ ಬೇರೆ ಕೋನದಿಂದ ಚಿತ್ರ ಹೋಗುತ್ತದೆ. ಹಾಗಾಗಿ ಆಳ ಗೊತ್ತಾಗುತ್ತದೆ, ಕೈ ಆಡಿಸಲು ಜಾಗವೂ ಇರುತ್ತದೆ. ಕಣ್ಣಿನ ಪೊರೆ ಆಪರೇಶನ್ ಮಾಡುವುದೂ ಇದೇ ತರಹದ್ದರ ಕೆಳಗೆ. ಇದರಲ್ಲಿ ಕೆಸುವಿನ ಎಲೆ ಹಸಿರು ವೆಲ್ವೆಟ್ ಬಟ್ಟೆಯ ಹಾಗೆ ಕಾಣುತ್ತದೆ. ನೀರಿನ ಹನಿ ಎಲೆಯನ್ನು ತುಂಬ ಕಡಿಮೆ ಕಡೆ ಮುಟ್ಟಿ ನಿಂತಿರುವುದು ಕಾಣುತ್ತದೆ. ಯಾಕೆ ಹಾಗೆ ನಿಂತಿದೆ ಎನ್ನುವುದು ಕಾಣುವುದಿಲ್ಲ.

ಬಾಯಿ ತುರಿಸುವ ಪ್ರಶ್ನೆಗೆ ಉತ್ತರ ಬೇಕಾದರೆ ಕಾಲೇಜಿನಲ್ಲಿ ನೀವೆಲ್ಲ ನೋಡಿದ ಮೈಕ್ರೋಸ್ಕೋಪ್ ಸಾಕು. ಕೆಳಗಿಂದ ಬೆಳಕು, ಮಧ್ಯೆ ಸ್ಲೈಡ್, ಅದರ ಮೇಲೆ ಆಬ್ಜೆಕ್ಟಿವ್ ಎಂಬ ಲೆನ್ಸ್, ಕಣ್ಣಿನ ಹತ್ತಿರ ಐಪೀಸ್ ಎಂಬ ಲೆನ್ಸ್. ಆಬ್ಜೆಕ್ಟಿವ್ 40 ಪಟ್ಟು, ಐಪೀಸ್ 10 ಪಟ್ಟು, ಒಟ್ಟು 400. ಬೆಳಕು ಒಳಗಿನಿಂದ ಹಾದು ಬರಬೇಕಾದ್ದರಿಂದ ಎಲೆಯನ್ನು ತುಂಬ ತೆಳ್ಳಗೆ ಕೊಯ್ಯಬೇಕು. ಕ್ಯಾರೆಟ್ ತುಂಡನ್ನು ಸೀಳಿ, ಮಧ್ಯೆ ಎಲೆ ಸಿಕ್ಕಿಸಿ, ಬ್ಲೇಡಿನಲ್ಲಿ ಕೊಯ್ಯುವುದು ಬಾಟನಿ ಮಕ್ಕಳಿಗೆ ಗೊತ್ತು. ಆ ಹೋಳನ್ನು ನೀರಿನ ಹನಿಯಲ್ಲಿಟ್ಟು ನೋಡಿದರೆ, ಕೆಲವು ಜೀವಕೋಶಗಳ ಒಳಗೆ ಹಿಡಿಸೂಡಿಯ ಕಡ್ಡಿಗಳ ಹಾಗೆ ಕಟ್ಟು ಕಟ್ಟಾಗಿ ಸೂಜಿಗಳು! ಎರಡೂ ತುದಿ ಚೂಪು. ಕ್ಯಾಲ್ಸಿಯಂ ಆಕ್ಸಲೇಟಿನ ಹರಳುಗಳು ಅವು. ನಮ್ಮ ನಾಲಿಗೆಗೆ, ಗಂಟಲಿಗೆ ಚುಚ್ಚುವವು ಇವೇ. ಮೊದಲ ಸಲ ನೋಡಿದ ದಿನ ನಾನು ಮನೆಗೆ ಹೋಗಿ ಅಮ್ಮನ ಹತ್ತಿರ, "ನೀವು ಹೇಳಿದ್ದನ್ನು ಇವತ್ತು ಕಣ್ಣಾರೆ ನೋಡಿದೆ" ಎಂದೆ.

ಈ ಸೂಜಿಗಳನ್ನು ಇನ್ನೂ ಚೆಂದ ನೋಡಬೇಕಾ? ಅದೇ ಮೈಕ್ರೋಸ್ಕೋಪಿಗೆ ಎರಡು ಪೋಲರಾಯ್ಡ್ ಹಾಳೆ ಸೇರಿಸಿ. ಹಳೆಯ ಮನೆಯ ಕಿಟಕಿ ಸರಳುಗಳನ್ನು ನೆನಪಿಸಿಕೊಳ್ಳಿ. ನೆಟ್ಟಗಿನ ಸರಳುಗಳ ನಡುವೆ ಹಗ್ಗ ತೂರಿಸಿ ಮೇಲೆ ಕೆಳಗೆ ಕುಣಿಸಿದರೆ ಅಲೆ ದಾಟಿ ಹೋಗುತ್ತದೆ. ಮುಂದೆ ಅಡ್ಡ ಸರಳಿನ ಇನ್ನೊಂದು ಕಿಟಕಿ ಇದ್ದರೆ ಅಲೆ ಅಲ್ಲೇ ನಿಲ್ಲುತ್ತದೆ. ಒಂದು ಹಾಳೆ ನೆಟ್ಟಗೆ, ಇನ್ನೊಂದು ಅಡ್ಡ ಇಟ್ಟರೆ ಬೆಳಕೂ ಹಾಗೆಯೇ ನಿಂತು ಎಲ್ಲ ಕಪ್ಪಾಗುತ್ತದೆ. ಆದರೆ ಈ ಹರಳುಗಳು ಮಧ್ಯೆ ಬಂದರೆ ಬೆಳಕಿನ ಕುಣಿತವನ್ನೇ ತಿರುಗಿಸಿಬಿಡುತ್ತವೆ. ಕಪ್ಪಿನಲ್ಲಿ ಸೂಜಿಗಳು ಮಾತ್ರ ಫಳಫಳ ಹೊಳೆಯುತ್ತವೆ. ಕಲ್ಲು ಪರೀಕ್ಷೆ ಮಾಡುವವರಿಗೆ ಇದೇ ಬಲಗೈ. ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲು ಸುಮಾರು ಎಂಟೊಂಬತ್ತು ಕೋಟಿ ವರ್ಷ ಹಳೆಯದು. ಅಂಥ ಕಲ್ಲನ್ನು 30 ಮೈಕ್ರಾನ್ ತೆಳ್ಳಗೆ ಉಜ್ಜಿ ಇದರ ಕೆಳಗೆ ಇಟ್ಟರೆ, ಒಳಗೆ ಯಾವ ಯಾವ ಖನಿಜ ಇದೆ ಎಂದು ಬಣ್ಣದಲ್ಲೇ ಗೊತ್ತಾಗುತ್ತದೆ.

ಇನ್ನು ನನ್ನ ಸ್ವಂತ ಕೆಲಸದ ವಿಷಯಕ್ಕೆ ಬರುತ್ತೇನೆ. ಮಲೇರಿಯ. ತೊಂಬತ್ತರ ದಶಕದಿಂದ ಈ ಊರಿಗೆ ಅದು ಎಷ್ಟು ಕಾಟ ಕೊಟ್ಟಿತು ಎಂದು ನಿಮಗೆಲ್ಲ ಗೊತ್ತು. ಇಲ್ಲಿ ಕುಳಿತವರಲ್ಲಿ ಎಷ್ಟೋ ಜನರ ಬೆರಳಿನಿಂದ ರಕ್ತ ತೆಗೆದಿರಬಹುದು. ಒಂದು ಸ್ಲೈಡಿನ ಮೇಲೆ ಎರಡು ಲೇಪ ಮಾಡುತ್ತೇವೆ. ಒಂದು ದಪ್ಪ, ಒಂದು ತೆಳು. ದಪ್ಪ ಲೇಪದಲ್ಲಿ ಜಾಸ್ತಿ ರಕ್ತ ಇರುತ್ತದೆ, ಹಾಗಾಗಿ ಮಲೇರಿಯ ತರುವ ಪರಾವಲಂಬಿ ಜೀವಿ ಕಡಿಮೆ ಇದ್ದರೂ ಸಿಗುತ್ತದೆ. ತೆಳು ಲೇಪದಲ್ಲಿ ರಕ್ತಕಣಗಳು ಒಂದೊಂದಾಗಿ ಹರಡಿರುತ್ತವೆ, ಹಾಗಾಗಿ ಯಾವ ಜಾತಿ ಎಂದು ಹೇಳಬಹುದು. ವೈವಾಕ್ಸ್ ಆದರೆ ರಕ್ತಕಣ ಊದಿರುತ್ತದೆ. ಫಾಲ್ಸಿಪೇರಮ್ ಆದರೆ ತುಂಬ ತೆಳ್ಳಗಿನ ಉಂಗುರಗಳು, ಕೆಲವೊಮ್ಮೆ ಒಂದೇ ಕಣದಲ್ಲಿ ಎರಡು. ಬಾಳೆಹಣ್ಣಿನ ಆಕಾರದವು ಕಂಡರೆ ಸಂಶಯವೇ ಇಲ್ಲ.

ಇದಕ್ಕೆ 100ರ ಆಬ್ಜೆಕ್ಟಿವ್ ಬೇಕು, ಜೊತೆಗೆ ಒಂದು ಹನಿ ಎಣ್ಣೆ. ಎಣ್ಣೆ ಯಾಕೆ? ಸ್ಲೈಡಿನ ಗಾಜಿನಿಂದ ಗಾಳಿಗೆ ಬರುವಾಗ ಬೆಳಕು ಬಾಗುತ್ತದೆ. ಓರೆಯಾಗಿ ಬಂದ ಕಿರಣಗಳು ಲೆನ್ಸಿಗೆ ಸಿಗದೆ ಆಚೆ ಹೋಗುತ್ತವೆ. ಸಣ್ಣ ಸಣ್ಣ ವಿವರಗಳನ್ನು ಹೊತ್ತು ತರುವವು ಆ ಓರೆ ಕಿರಣಗಳೇ. ಗಾಜು ಬೆಳಕನ್ನು ಎಷ್ಟು ಬಾಗಿಸುತ್ತದೋ ಅಷ್ಟೇ ಬಾಗಿಸುವ ಎಣ್ಣೆಯನ್ನು ಮಧ್ಯೆ ಹಾಕಿದರೆ, ಬೆಳಕಿಗೆ ಅಲ್ಲಿ ಗಡಿಯೇ ಇರುವುದಿಲ್ಲ, ನೇರ ಬಂದುಬಿಡುತ್ತದೆ. ತೆಂಗಿನೆಣ್ಣೆ ಹಾಕಿದರೆ ಆಗದಾ ಎಂದು ಒಬ್ಬ ಹುಡುಗಿ ನನ್ನನ್ನು ಕೇಳಿದ್ದಳು. ಒಳ್ಳೆಯ ಪ್ರಶ್ನೆ. ಬೆಳಕು ಬಾಗಿಸುವ ಲೆಕ್ಕದಲ್ಲಿ ಗಾಜು ಸುಮಾರು 1.52, ಗಾಳಿ 1, ತೆಂಗಿನೆಣ್ಣೆ ಸುಮಾರು 1.45. ಗಾಳಿಗಿಂತ ವಾಸಿ, ಆದರೆ ಗಾಜಿಗೆ ಸರಿಜೋಡಿ ಅಲ್ಲ. ಹಿಂದೆ ದೇವದಾರು ಜಾತಿಯ ಮರದ ಎಣ್ಣೆ ಬಳಸುತ್ತಿದ್ದರು, ಅದು ಗಾಜಿಗೆ ಸರಿಹೊಂದುತ್ತಿತ್ತು. ಈಗ ಅದಕ್ಕೆಂದೇ ತಯಾರಿಸಿದ ಎಣ್ಣೆ ಬರುತ್ತದೆ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ತಪ್ಪು ಮಾಡಿದೆ. ಸಂಜೆ ಹೊತ್ತು, ಇನ್ನೂ ಸ್ಲೈಡುಗಳ ರಾಶಿ ಇತ್ತು. ಒಂದು ದಪ್ಪ ಲೇಪವನ್ನು ಮೂವತ್ತು ನಲವತ್ತು ಕಡೆ ಮಾತ್ರ ನೋಡಿ "ಇಲ್ಲ" ಎಂದು ಬರೆದೆ. ನೂರು ಕಡೆ ನೋಡದೆ ಹಾಗೆ ಬರೆಯಬಾರದು. ಮರುದಿನ ನನ್ನ ಹಿರಿಯರು ಅದೇ ಸ್ಲೈಡ್ ನೋಡಿ ಫಾಲ್ಸಿಪೇರಮ್ ಉಂಗುರ ತೋರಿಸಿದರು. ಆ ಮನುಷ್ಯರಿಗೆ ಔಷಧಿ ಒಂದು ದಿನ ತಡವಾಯಿತು. ಅವರು ಗುಣವಾದರು. ಆದರೆ ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಮೈಕ್ರೋಸ್ಕೋಪ್ ಚೆನ್ನಾಗಿತ್ತು, ಲೆನ್ಸ್ ಚೆನ್ನಾಗಿತ್ತು. ನೋಡಿದ್ದು ಸಾಲಲಿಲ್ಲ.

ಇಲ್ಲಿ ಇನ್ನೊಂದು ಮಾತು. ಮಲೇರಿಯ ಪರಾವಲಂಬಿ ನಮಗೆ ಕಾಣುವುದು ಬಣ್ಣ ಹಾಕಿದ್ದರಿಂದ. ನೀಲಿ ಮೈ, ಅದರಲ್ಲಿ ಕೆಂಪು ಚುಕ್ಕೆ. ಬಣ್ಣ ಇಲ್ಲದಿದ್ದರೆ ಜೀವಕೋಶ ಎಂದರೆ ನೀರಿನಲ್ಲಿ ಮುಳುಗಿದ ಗಾಜಿನ ಚೂರು ಇದ್ದ ಹಾಗೆ. 1880ರಲ್ಲಿ ಫ್ರಾನ್ಸಿನ ವೈದ್ಯ ಲಾವೆರಾನ್ ಮಲೇರಿಯ ಪರಾವಲಂಬಿಯನ್ನು ಮೊದಲು ಕಂಡದ್ದು ಬಣ್ಣ ಹಾಕದ ಹಸಿ ರಕ್ತದಲ್ಲಿ. ಅದು ಅಲುಗಾಡಿದ್ದರಿಂದ ಅವರ ಕಣ್ಣಿಗೆ ಬಿತ್ತು. ಎಂಥ ತಾಳ್ಮೆ ಇರಬೇಕು! ಬಣ್ಣ ಹಾಕಿದರೆ ಚೆನ್ನಾಗಿ ಕಾಣುತ್ತದೆ, ಆದರೆ ಸಾಮಾನ್ಯವಾಗಿ ಜೀವ ಹೋಗಿರುತ್ತದೆ. ಬದುಕಿರುವುದನ್ನು ಬದುಕಿದ್ದಂತೆಯೇ ನೋಡುವುದು ಹೇಗೆ?

ಅದಕ್ಕೆ ಎರಡು ದಾರಿ ಸಿಕ್ಕಿತು. ಮೊದಲನೆಯದು ನಮ್ಮ ಹಂಚಿನ ಮನೆಗಳಲ್ಲೇ ಇದೆ. ಮಾಡಿಗೆ ಒಂದು ಗಾಜಿನ ಹಂಚು ಇಡುತ್ತಿದ್ದರಲ್ಲ, ಅದರಿಂದ ಇಳಿಯುವ ಬಿಸಿಲುಕೋಲಿನಲ್ಲಿ ಧೂಳಿನ ಕಣಗಳು ಮಿಂಚುತ್ತವೆ. ಬಿಸಿಲು ನೇರ ನಮ್ಮ ಕಣ್ಣಿಗೆ ಬರುವುದಿಲ್ಲ. ಧೂಳಿಗೆ ತಾಗಿ ಚೆದುರಿದ ಬೆಳಕು ಮಾತ್ರ ಬರುತ್ತದೆ. ಹಿಂದೆ ಕತ್ತಲೆ, ಆದ್ದರಿಂದ ಕಣ ಹೊಳೆಯುತ್ತದೆ. ಡಾರ್ಕ್ ಫೀಲ್ಡ್ ಮೈಕ್ರೋಸ್ಕೋಪ್ ಎಂದರೆ ಇಷ್ಟೇ. ಬೆಳಕಿನ ನಡುಭಾಗಕ್ಕೆ ಒಂದು ಬಿಲ್ಲೆ ಅಡ್ಡ ಇಟ್ಟು, ಸುತ್ತಲಿಂದ ಓರೆಯಾಗಿ ಮಾತ್ರ ಬೆಳಕು ಬಿಡುತ್ತಾರೆ. ಇಲಿಜ್ವರದ ಲೆಪ್ಟೋಸ್ಪೈರಾ ಗೊತ್ತಲ್ವಾ? ಮಳೆಗಾಲದಲ್ಲಿ ಗದ್ದೆಗೆ ಇಳಿಯುವವರಿಗೆ ನಮ್ಮ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳಲ್ಲಿ ಬರುತ್ತದೆ. ಅದರ ದಪ್ಪ 0.1 ಮೈಕ್ರಾನ್, ಅಬೆ ಹೇಳಿದ ಗಡಿಗಿಂತ ಸಣ್ಣದು. ಸಾಮಾನ್ಯ ಬೆಳಕಿನಲ್ಲಿ ಕಾಣುವುದೇ ಇಲ್ಲ ಎನ್ನಬಹುದು. ಡಾರ್ಕ್ ಫೀಲ್ಡಿನಲ್ಲಿ ಬೆಳ್ಳಿ ಎಳೆಯ ಹಾಗೆ ಸುತ್ತುತ್ತಾ ಈಜುವುದು ಕಾಣುತ್ತದೆ. ನಕ್ಷತ್ರ ಎಷ್ಟು ಅಗಲ ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ, ಆದರೂ ನಕ್ಷತ್ರ ಕಾಣುತ್ತದಲ್ಲ, ಹಾಗೆ. ಕಾಣುವುದು ಬೇರೆ, ಬಿಡಿಸಿ ಕಾಣುವುದು ಬೇರೆ. ಆದರೂ ಹೇಳಿಬಿಡುತ್ತೇನೆ, ರಕ್ತದಲ್ಲಿನ ಬೇರೆ ಎಳೆಗಳೂ ಹೀಗೇ ಹೊಳೆದು ಮೋಸ ಮಾಡುತ್ತವೆ. ಹಾಗಾಗಿ ಇಲಿಜ್ವರವನ್ನು ಇದೊಂದರಿಂದಲೇ ನಿಶ್ಚಯಿಸುವುದಿಲ್ಲ.

ಎರಡನೆಯ ದಾರಿ ಕಂಡುಹಿಡಿದವರು ನೆದರ್ಲೆಂಡ್ಸಿನ ಫ್ರಿಟ್ಸ್ ಜೆರ್ನಿಕೆ, 1930ರ ದಶಕದಲ್ಲಿ. ಬೆಳಕು ಜೀವಕೋಶದ ಮೂಲಕ ಹೋಗುವಾಗ ನೀರಿನಲ್ಲಿ ಹೋದದ್ದಕ್ಕಿಂತ ಚೂರು ತಡವಾಗಿ ಹೊರಬರುತ್ತದೆ. ನಮ್ಮ ಕಣ್ಣಿಗೆ ಬೆಳಕಿನ ಹೆಚ್ಚುಕಡಿಮೆ ಗೊತ್ತಾಗುತ್ತದೆ, ಬಣ್ಣ ಗೊತ್ತಾಗುತ್ತದೆ, ತಡವಾದದ್ದು ಗೊತ್ತಾಗುವುದಿಲ್ಲ. ಜೆರ್ನಿಕೆ ಲೆನ್ಸಿನ ಒಳಗೆ ಒಂದು ಉಂಗುರದ ಗಾಜು ಇಟ್ಟು, ತಡವಾದ ಅಲೆಯೂ ತಡವಾಗದ ಅಲೆಯೂ ಉಬ್ಬಿಗೆ ತಗ್ಗು ಸೇರುವಂತೆ ಮಾಡಿದರು. ಸೇರಿದಲ್ಲಿ ಕಪ್ಪಾಯಿತು. ತಡ ಎನ್ನುವುದು ನೆರಳಾಗಿ ಕಂಡಿತು. ಬಣ್ಣ ಹಾಕದೆ, ಸಾಯಿಸದೆ, ಜೀವಕೋಶ ಒಡೆದು ಎರಡಾಗುವುದನ್ನು ಕೂತು ನೋಡಬಹುದು ಎಂದಾಯಿತು. ಫೇಸ್ ಕಾಂಟ್ರಾಸ್ಟ್ ಎಂದು ಇದಕ್ಕೆ ಹೆಸರು. 1953ರಲ್ಲಿ ಅವರಿಗೆ ನೊಬೆಲ್ ಬಂತು. ಲೆನ್ಸಿನ ಬಲ ಒಂದಿಷ್ಟೂ ಹೆಚ್ಚಿಸದೆ ಮಾಡಿದ ಕೆಲಸ ಇದು. ನನಗೆ ಎಲ್ಲಕ್ಕಿಂತ ಇಷ್ಟದ ಮೈಕ್ರೋಸ್ಕೋಪ್ ಯಾವುದು ಎಂದು ಕೇಳಿದರೆ ಇದನ್ನೇ ಹೇಳುತ್ತೇನೆ.

ಮತ್ತೆ ಎಲೆ. ಇದೇ ಕೆಸುವಿನ ಎಲೆಗೆ ನೀಲಿ ಬೆಳಕು ಬಿಟ್ಟು, ನೀಲಿಯನ್ನು ತಡೆದು ಕೆಂಪನ್ನು ಮಾತ್ರ ಬಿಡುವ ಫಿಲ್ಟರ್ ಮೂಲಕ ನೋಡಿದರೆ ಎಲೆ ಹಸಿರಲ್ಲ, ಕೆಂಡದ ಹಾಗೆ ಕೆಂಪು! ಹಸಿರಿಗೆ ಕಾರಣವಾದ ಕ್ಲೋರೋಫಿಲ್ ನೀಲಿ ಬೆಳಕನ್ನು ನುಂಗಿ ಕೆಂಪು ಬೆಳಕನ್ನು ಉಗುಳುತ್ತದೆ. ಇದು ಫ್ಲೋರೆಸೆನ್ಸ್. ಇದನ್ನು ದಿನನಿತ್ಯದ ಕೆಲಸಕ್ಕೂ ತಂದರು. ಕಫದಲ್ಲಿ ಕ್ಷಯದ ಬ್ಯಾಕ್ಟೀರಿಯಾ ಹುಡುಕಲು ಹಿಂದೆ ಕೆಂಪು ಬಣ್ಣ ಹಾಕಿ, ಎಣ್ಣೆ ಹಾಕಿ, ತುಂಬ ಹೊತ್ತು ನೋಡಬೇಕಿತ್ತು. ಆರಮಿನ್ ಎಂಬ ಬಣ್ಣ ಹಾಕಿದರೆ ಅವು ಕತ್ತಲೆಯಲ್ಲಿ ಮಿಂಚುಹುಳದ ಹಾಗೆ ಹಳದಿ ಹಸಿರಾಗಿ ಹೊಳೆಯುತ್ತವೆ. ಕಡಿಮೆ ಪಟ್ಟಿನಲ್ಲೇ ಸಿಗುತ್ತವೆ, ಬೇಗ ಸಿಗುತ್ತವೆ. ಎಲ್ಇಡಿ ಬಂದ ಮೇಲೆ ಈ ಯಂತ್ರ ಸಣ್ಣ ಲ್ಯಾಬುಗಳಿಗೂ ಬಂತು. ನೋಡಿ, ಇಲ್ಲಿ ಪಟ್ಟು ಕಡಿಮೆ ಆಯಿತು, ಕೆಲಸ ಜಾಸ್ತಿ ಆಯಿತು. ಒಂದು ಜಾತಿಯ ಜೆಲ್ಲಿ ಮೀನಿನಿಂದ ತೆಗೆದ ಹಸಿರು ಹೊಳೆಯುವ ಪ್ರೋಟೀನನ್ನು ಜೀವಕೋಶದ ಒಳಗೇ ಕಟ್ಟಿ, ಬೇಕಾದ ಭಾಗ ಮಾತ್ರ ಹೊಳೆಯುವಂತೆ ಮಾಡುವುದನ್ನೂ ಕಲಿತರು. ಅದಕ್ಕೆ 2008ರ ನೊಬೆಲ್.

ಫ್ಲೋರೆಸೆನ್ಸಿನ ಒಂದು ತೊಂದರೆ ಎಂದರೆ ಮೇಲಿನ ಪದರ, ಕೆಳಗಿನ ಪದರ ಎಲ್ಲ ಒಟ್ಟಿಗೆ ಹೊಳೆದು ಮಂಜಾಗುವುದು. 1957ರಲ್ಲಿ ಅಮೆರಿಕದ ಮಾರ್ವಿನ್ ಮಿನ್ಸ್ಕಿ ಅದಕ್ಕೆ ಒಂದು ಉಪಾಯಕ್ಕೆ ಪೇಟೆಂಟ್ ಕೇಳಿದರು. ಬೆಳಕು ಬರುವ ದಾರಿಯಲ್ಲಿ ಸೂಜಿರಂಧ್ರ ಇಟ್ಟರೆ ಒಂದು ಆಳದ ಬೆಳಕು ಮಾತ್ರ ಒಳಗೆ ಬರುತ್ತದೆ. ಕತ್ತಿ ಮುಟ್ಟಿಸದೆ ಹೋಳು ಹೋಳಾಗಿ ನೋಡಬಹುದು. ಲೇಸರ್, ಕಂಪ್ಯೂಟರ್ ಬಂದ ಮೇಲೆ ಅದು ಕಾನ್‌ಫೋಕಲ್ ಮೈಕ್ರೋಸ್ಕೋಪ್ ಆಗಿ ಎಲ್ಲ ಕಡೆ ಹರಡಿತು.

ಅಬೆಯ ಗಡಿಯನ್ನು ಬೆಳಕಿನಲ್ಲೇ ದಾಟಿದವರೂ ಇದ್ದಾರೆ. ತಣ್ಣೀರುಬಾವಿಯ ಹಡಗಿನ ದೀಪಗಳನ್ನೇ ನೆನೆಯಿರಿ. ಎರಡೂ ಒಟ್ಟಿಗೆ ಉರಿದರೆ ಒಂದೇ ಮಸುಕು ಚುಕ್ಕೆ. ಒಂದು ಆರಿ, ಇನ್ನೊಂದು ಮಾತ್ರ ಉರಿದರೆ? ಆಗಲೂ ಮಸುಕೇ. ಆದರೆ ಮಸುಕಿನ ನಡುಬಿಂದು ಎಲ್ಲಿದೆ ಎಂದು ಗುರುತು ಮಾಡಬಹುದು. ಆಮೇಲೆ ಮೊದಲನೆಯದು ಉರಿದಾಗ ಅದರ ನಡುಬಿಂದು. ಈಗ ಎರಡು ಗುರುತು! ಅಣುಗಳು ಒಂದೊಂದಾಗಿ ಮಿನುಗುವಂತೆ ಮಾಡಿ ಸಾವಿರಾರು ಗುರುತುಗಳನ್ನು ಸೇರಿಸಿ ಚಿತ್ರ ಕಟ್ಟುವುದು ಒಂದು ದಾರಿ. ಉದ್ದಿನ ವಡೆಯ ಆಕಾರದ ಇನ್ನೊಂದು ಬೆಳಕು ಬಿಟ್ಟು, ಸುತ್ತಲಿನ ಹೊಳಪನ್ನು ಆರಿಸಿ, ನಡುವಿನ ತೂತಿನಷ್ಟೇ ಉಳಿಸಿಕೊಳ್ಳುವುದು ಇನ್ನೊಂದು. 2014ರ ರಸಾಯನಶಾಸ್ತ್ರದ ನೊಬೆಲ್ ಇದಕ್ಕೇ. ಎರಿಕ್ ಬೆಟ್ಜಿಗ್, ಸ್ಟೀಫನ್ ಹೆಲ್, ವಿಲಿಯಂ ಮೋರ್ನರ್.

ಸರಿ, ನೀರು ಯಾಕೆ ಅಂಟುವುದಿಲ್ಲ? ಅದಕ್ಕೆ ಬೆಳಕನ್ನೇ ಬಿಡಬೇಕಾಯಿತು.

1931ರಲ್ಲಿ ಬರ್ಲಿನ್‌ನಲ್ಲಿ ಅರ್ನ್ಸ್ಟ್ ರುಸ್ಕಾ ಮತ್ತು ಮ್ಯಾಕ್ಸ್ ನೋಲ್ ಬೆಳಕಿನ ಬದಲು ಎಲೆಕ್ಟ್ರಾನ್, ಗಾಜಿನ ಬದಲು ಕಾಂತದ ಸುರುಳಿ ಬಳಸಿ ಮೈಕ್ರೋಸ್ಕೋಪ್ ಮಾಡಿದರು. ಎಲೆಕ್ಟ್ರಾನಿಗೂ ಅಲೆಯ ಗುಣ ಇದೆ. ಒಂದು ಲಕ್ಷ ವೋಲ್ಟಿನಲ್ಲಿ ಓಡಿಸಿದರೆ ಅದರ ಅಲೆಯ ಉದ್ದ 0.0037 ನ್ಯಾನೋಮೀಟರ್. ಹಸಿರು ಬೆಳಕಿಗಿಂತ ಸುಮಾರು ಒಂದೂವರೆ ಲಕ್ಷ ಪಟ್ಟು ಚಿಕ್ಕದು. ಕಾಂತದ ಲೆನ್ಸುಗಳಲ್ಲಿ ದೋಷ ಇರುವುದರಿಂದ ಅಷ್ಟೂ ಲಾಭ ಸಿಗುವುದಿಲ್ಲ. ಆದರೂ 200 ನ್ಯಾನೋಮೀಟರಿನ ಗಡಿ 0.2ಕ್ಕೆ, ಒಳ್ಳೆಯ ಯಂತ್ರಗಳಲ್ಲಿ ಅದಕ್ಕೂ ಕೆಳಗೆ ಇಳಿಯಿತು. ಸಾವಿರ ಪಟ್ಟು! ರುಸ್ಕಾರಿಗೆ ನೊಬೆಲ್ ಬಂದದ್ದು 1986ರಲ್ಲಿ, 55 ವರ್ಷಗಳ ಮೇಲೆ.

ಇದರಲ್ಲಿ ಎರಡು ಮುಖ್ಯ ಬಗೆ. ಒಂದು ಸೆಮ್, ಅಂದರೆ ಸ್ಕ್ಯಾನಿಂಗ್ ಎಲೆಕ್ಟ್ರಾನ್ ಮೈಕ್ರೋಸ್ಕೋಪ್. ಎಲೆಕ್ಟ್ರಾನ್ ಕಿರಣ ಮೇಲ್ಮೈಯನ್ನು ಸಾಲು ಸಾಲಾಗಿ ಗುಡಿಸಿದ ಹಾಗೆ ಹೋಗುತ್ತದೆ. ತಾಗಿದಲ್ಲಿಂದ ಚಿಮ್ಮಿದ ಎಲೆಕ್ಟ್ರಾನುಗಳನ್ನು ಹಿಡಿದು ಚಿತ್ರ ಮಾಡುತ್ತಾರೆ. ಎಲೆ ವಿದ್ಯುತ್ ಹರಿಸುವುದಿಲ್ಲ, ಆದ್ದರಿಂದ ಒಣಗಿಸಿ, ಚಿನ್ನದ ತೆಳು ಲೇಪ ಕೊಡುತ್ತಾರೆ. ಹೀಗೆ ನೋಡಿದಾಗ ಕೆಸುವಿನ ಎಲೆಯ ಮೇಲೆ ಒಂದೊಂದು ಜೀವಕೋಶಕ್ಕೆ ಒಂದೊಂದು ಉಬ್ಬು, ಪಾಗಾರದ ಮೇಲೆ ಕಲ್ಲು ಜೋಡಿಸಿದ ಹಾಗೆ. ಆ ಉಬ್ಬುಗಳ ಮೇಲೆಲ್ಲ ಮೇಣದ ಹರಳುಗಳು, ಮೈಕ್ರಾನಿಗಿಂತಲೂ ಸಣ್ಣವು. ನೀರಿನ ಹನಿ ಕೂರುವುದು ಈ ತುದಿಗಳ ಮೇಲೆ. ಕೆಳಗೆಲ್ಲ ಗಾಳಿ. ಅಂಟಲು ಅದಕ್ಕೆ ಜಾಗವೇ ಸಿಗುವುದಿಲ್ಲ. ಉರುಳುವಾಗ ಧೂಳನ್ನೂ ಕರೆದುಕೊಂಡು ಹೋಗುತ್ತದೆ. ಜರ್ಮನಿಯ ವಿಲ್ಹೆಲ್ಮ್ ಬಾರ್ಟ್‌ಲಾಟ್ ಮತ್ತು ಜೊತೆಗಾರರು 1997ರಲ್ಲಿ ತಾವರೆ ಎಲೆಯ ಬಗ್ಗೆ ಇದನ್ನು ವಿವರಿಸಿದಾಗ, ನಮ್ಮ ಕೆಸುವಿನ ಎಲೆಯನ್ನೂ ನೋಡಿದ್ದರು.

ಇನ್ನೊಂದು ಟೆಮ್, ಅಂದರೆ ಟ್ರಾನ್ಸ್‌ಮಿಶನ್ ಎಲೆಕ್ಟ್ರಾನ್ ಮೈಕ್ರೋಸ್ಕೋಪ್. ಇಲ್ಲಿ ಎಲೆಕ್ಟ್ರಾನ್ ಒಳಗಿನಿಂದ ಹಾದು ಹೋಗಬೇಕು. ಹಾಗಾಗಿ ಹೋಳು 100 ನ್ಯಾನೋಮೀಟರಿಗಿಂತ ತೆಳ್ಳಗಿರಬೇಕು. ಒಂದು ಕೂದಲನ್ನು ಸಾವಿರ ಪದರ ಸೀಳಿದರೆ ಒಂದು ಪದರ ಎಷ್ಟೋ ಅಷ್ಟು. ವಜ್ರದ ಅಲಗಿನಲ್ಲಿ ಕೊಯ್ಯುತ್ತಾರೆ. ಎಲೆಯ ಹಸಿರು ಕಣ, ಕ್ಲೋರೋಪ್ಲಾಸ್ಟ್, ಇದರಲ್ಲಿ ಹೇಗೆ ಕಾಣುತ್ತದೆ ಗೊತ್ತಾ? ಪೊರೆಯ ಮೇಲೆ ಪೊರೆ, ಪೊರೆಯ ಮೇಲೆ ಪೊರೆ. ಬೇಯಿಸಿದ ಪತ್ರೊಡೆಯನ್ನು ಅಡ್ಡ ಕೊಯ್ದರೆ ಎಲೆ, ಹಿಟ್ಟು, ಎಲೆ, ಹಿಟ್ಟು ಎಂದು ಕಾಣುತ್ತದಲ್ಲ, ಥೇಟ್ ಹಾಗೆ. ಆ ಪೊರೆಗಳಲ್ಲೇ ಬಿಸಿಲು ಆಹಾರವಾಗಲು ಶುರುವಾಗುವುದು.

ಆದರೆ ಇದಕ್ಕೆ ಕೊಡಬೇಕಾದ ಬೆಲೆ ದೊಡ್ಡದು. ಗಾಳಿ ಇದ್ದರೆ ಎಲೆಕ್ಟ್ರಾನ್ ಚೆದುರಿ ಹೋಗುತ್ತದೆ, ಆದ್ದರಿಂದ ಒಳಗೆ ನಿರ್ವಾತ. ಬದುಕಿರುವ ಯಾವುದನ್ನೂ ಸಾಮಾನ್ಯವಾಗಿ ನೋಡಲಾಗುವುದಿಲ್ಲ. ಎಲೆಕ್ಟ್ರಾನಿಗೆ ಬಣ್ಣ ಇಲ್ಲ, ಚಿತ್ರ ಕಪ್ಪು ಬಿಳುಪು. ಪೇಪರಿನಲ್ಲಿ ನೋಡುವ ಕೆಂಪು, ನೀಲಿ ವೈರಸ್ ಚಿತ್ರಗಳಿಗೆ ಬಣ್ಣ ಆಮೇಲೆ ಹಚ್ಚಿದ್ದು. ನೀರಿನಲ್ಲಿರುವ ಪ್ರೋಟೀನನ್ನು ಹರಳುಗಟ್ಟಲು ಬಿಡದೆ ಕ್ಷಣದಲ್ಲಿ ಹೆಪ್ಪುಗಟ್ಟಿಸಿ ನೋಡುವ ಕ್ರಯೋ ವಿಧಾನ ಈ ಕಷ್ಟವನ್ನು ಸ್ವಲ್ಪ ಕಡಿಮೆ ಮಾಡಿದೆ. ಅದಕ್ಕೆ 2017ರ ನೊಬೆಲ್.

ಕೊನೆಗೆ, ನೋಡದೆಯೇ ಮುಟ್ಟಿ ತಿಳಿಯುವ ಮೈಕ್ರೋಸ್ಕೋಪ್. ಕಡೆಯುವ ಕಲ್ಲಿನಲ್ಲಿ ಮಸಾಲೆ ಅರೆಯುವಾಗ ನುಣ್ಣಗಾಯಿತಾ ಎಂದು ಹೇಗೆ ನೋಡುತ್ತಾರೆ? ಎರಡು ಬೆರಳಲ್ಲಿ ಉಜ್ಜಿ. ಕಣ್ಣಿಗೆ ಕಾಣದ ತರಿ ಬೆರಳಿಗೆ ಸಿಗುತ್ತದೆ. 1986ರಲ್ಲಿ ಬಂದ ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪ್ ಮಾಡುವುದು ಅದನ್ನೇ. ಅತಿ ಚೂಪಾದ ಮುಳ್ಳೊಂದು ಮೇಲ್ಮೈ ಮೇಲೆ ಸವರುತ್ತಾ ಹೋಗುತ್ತದೆ. ಏರು ಬಂದಾಗ ಏರುತ್ತದೆ, ತಗ್ಗು ಬಂದಾಗ ಇಳಿಯುತ್ತದೆ. ಆ ಏರಿಳಿತವನ್ನು ಲೇಸರಿನಲ್ಲಿ ಅಳೆದು ಚಿತ್ರ ಬರೆಯುತ್ತಾರೆ. ನಿರ್ವಾತ ಬೇಡ, ನೀರಿನ ಒಳಗೂ ಆಗುತ್ತದೆ. ನಿಧಾನ ಮಾತ್ರ.

ನನ್ನ ಮಾತು ಇಷ್ಟು. ಆಮೇಲೆ ಪ್ರಶ್ನೆಗಳು ಬಂದವು.

ಒಬ್ಬರು ತಾಯಿ ಕೇಳಿದರು, "ಮೇಡಂ, ಮಗ ಏಳನೇ ಕ್ಲಾಸು. ಆನ್‌ಲೈನಿನಲ್ಲಿ 2000 ಪಟ್ಟಿನದು ಸಿಗುತ್ತದೆ. ತೆಗೆದುಕೊಳ್ಳಬಹುದಾ?" ಬೇಡ ಎಂದೆ. ಆಬ್ಜೆಕ್ಟಿವ್ ಮೇಲೆ 40/0.65, 100/1.25 ಎಂದು ಕೆತ್ತಿರುತ್ತದೆ. ಮೊದಲಿನದು ಪಟ್ಟು. ಎರಡನೆಯದು ಓರೆ ಕಿರಣಗಳನ್ನು ಎಷ್ಟು ಹಿಡಿಯುತ್ತದೆ ಎನ್ನುವುದು. ಅದನ್ನು ಸಾವಿರದಿಂದ ಗುಣಿಸಿ. 1.25 ಆದರೆ 1250. ಅದಕ್ಕಿಂತ ಹೆಚ್ಚು ಪಟ್ಟು ಹೇಳಿದರೆ ಅದು ಸುಮ್ನೆ ಮಸುಕನ್ನು ಹಿಗ್ಗಿಸಿದ್ದು. ಎರಡನೆಯ ಸಂಖ್ಯೆಯೇ ಕೆತ್ತಿಲ್ಲದಿದ್ದರೆ ಕೊಳ್ಳಬೇಡಿ. ಏಳನೇ ಕ್ಲಾಸಿಗೆ 4, 10, 40ರ ಮೂರು ಆಬ್ಜೆಕ್ಟಿವ್ ಧಾರಾಳ ಸಾಕು. ಅದೂ ಕಷ್ಟವಾದರೆ ಫೋಲ್ಡ್‌ಸ್ಕೋಪ್ ಇದೆ. ಸ್ಟ್ಯಾನ್‌ಫೋರ್ಡಿನ ಮನು ಪ್ರಕಾಶ್ ಅವರ ತಂಡ 2014ರಲ್ಲಿ ಜಗತ್ತಿಗೆ ಪರಿಚಯಿಸಿದ ಕಾಗದದ ಮೈಕ್ರೋಸ್ಕೋಪ್. 140 ಪಟ್ಟು. ದಾಸವಾಳದ ಎಲೆಯ ಅಡಿಗೆ ನೈಲ್ ಪಾಲಿಶ್ ಹಚ್ಚಿ, ಒಣಗಿದ ಮೇಲೆ ಸೆಲ್ಲೋಟೇಪಿನಲ್ಲಿ ಕಿತ್ತು ನೋಡಿದರೆ, ಎಲೆ ಉಸಿರಾಡುವ ರಂಧ್ರಗಳ ಅಚ್ಚು ಅದರಲ್ಲಿ ಕಾಣುತ್ತದೆ.

ಕಾಲೇಜಿನ ಒಬ್ಬ ಅಟೆಂಡರ್ ಮಳೆಗಾಲದ ಕಷ್ಟ ಹೇಳಿದರು. ನಮ್ಮ ಕರಾವಳಿಯ ದೊಡ್ಡ ಸಮಸ್ಯೆ ಅದು. ಲೆನ್ಸಿನ ಒಳಗೆ ಬೂಸ್ಟು ಬರುತ್ತದೆ. ನಾನಿದ್ದ ಒಂದು ಕಡೆ ಒಳ್ಳೆಯ ಮೈಕ್ರೋಸ್ಕೋಪನ್ನು ಜೋಪಾನವಾಗಿರಲಿ ಎಂದು ಪ್ಲಾಸ್ಟಿಕ್ ಸುತ್ತಿ ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟಿದ್ದರು. ನಾಲ್ಕು ತಿಂಗಳ ಮೇಲೆ ತೆಗೆದರೆ ಲೆನ್ಸಿನ ಮೇಲೆ ಜೇಡರ ಬಲೆಯ ಹಾಗೆ ಬೂಸ್ಟು. ಗಾಜಿನ ಲೇಪವನ್ನೇ ತಿಂದಿತ್ತು, ಒರೆಸಿದರೂ ಹೋಗಲಿಲ್ಲ. ನನಗೆ ಕಣ್ಣಲ್ಲಿ ನೀರು ಬಂತು. ಮಳೆಗಾಲದಲ್ಲಿ ಮೈಕ್ರೋಸ್ಕೋಪನ್ನು ದಿನಾ ಬಳಸಿ. ಬಳಸದಿದ್ದರೆ ಸಣ್ಣ ಬಲ್ಬ್ ಉರಿಯುವ ಕಪಾಟಿನಲ್ಲಿಡಿ. ಸಿಲಿಕಾ ಜೆಲ್ ಇಡಿ, ಬಣ್ಣ ಬದಲಾದ ಕೂಡಲೇ ಬಿಸಿ ಮಾಡಿ ಒಣಗಿಸಿ ಇಡಿ. 100ರ ಲೆನ್ಸಿನ ಎಣ್ಣೆಯನ್ನು ಅವತ್ತವತ್ತೇ ಲೆನ್ಸ್ ಪೇಪರಿನಲ್ಲಿ ಒರೆಸಿ.

ಕೊನೆಯಲ್ಲಿ ಪುತ್ತೂರು ಕಡೆಯ ಹಿರಿಯರೊಬ್ಬರು ಎದ್ದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ತೊಟ್ಟೆ, ಅದರಲ್ಲಿ ಉದುರಿದ ನಾಲ್ಕು ಎಳೆ ಅಡಿಕೆ, ಬಿಳಿ ಬೂಸ್ಟು ಹಿಡಿದವು. "ಮೇಡಂ, ನಮ್ಮ ಕೊಳೆರೋಗಕ್ಕೆ ಯಾವ ಮೈಕ್ರೋಸ್ಕೋಪ್ ಬೇಕು?" ಎಂದು ಕೇಳಿದರು. ಮೇಜಿನ ಮೇಲಿದ್ದ ಸಾಮಾನ್ಯ ಮೈಕ್ರೋಸ್ಕೋಪೇ ಸಾಕು ಎಂದೆ. ಇದು ಫೈಟಾಫ್ತೊರಾ ಎಂಬ ಬೂಸ್ಟಿನಂಥ ರೋಗಾಣು. 1910ರಲ್ಲೇ ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ಈ ರೋಗದ ಬಗ್ಗೆ ವಿವರವಾಗಿ ಬರೆದಿದ್ದಾರೆ. ಬಿಳಿ ಬೂಸ್ಟನ್ನು ಸೂಜಿಯಲ್ಲಿ ಚೂರು ತೆಗೆದು ತಣ್ಣೀರಿನ ಹನಿಯಲ್ಲಿಟ್ಟೆ. 10ರಲ್ಲಿ ನಿಂಬೆಹಣ್ಣಿನ ಆಕಾರದ ಸಣ್ಣ ಚೀಲಗಳು ಕಂಡವು. "ಸ್ವಲ್ಪ ಹೊತ್ತು ಕಾಯಿರಿ" ಎಂದು ಅವರನ್ನು ಕೂರಿಸಿದೆ. ಮಧ್ಯೆ ಬೇರೆಯವರಿಗೆ ಕೆಸುವಿನ ಸೂಜಿಗಳನ್ನು ತೋರಿಸಿದೆ. ಅರ್ಧ ಗಂಟೆ ಕಳೆದಿರಬಹುದು. 40ಕ್ಕೆ ತಿರುಗಿಸಿ ನೋಡಿದರೆ ಒಂದು ಚೀಲದ ತುದಿ ಒಡೆದು ಒಳಗಿದ್ದವು ಹೊರಗೆ ಬಂದು ಈಜುತ್ತಿದ್ದವು. ಒಂದೊಂದಕ್ಕೂ ಎರಡೆರಡು ಬಾಲ ಇರುತ್ತದೆ. ಮಳೆನೀರಿನಲ್ಲಿ ಗೊನೆಯಿಂದ ಗೊನೆಗೆ ಹೋಗುವವು ಇವೇ. ಮಳೆಗೆ ಮೊದಲೇ ಮೈಲುತುತ್ತು ಸುಣ್ಣ ಹೊಡೆಯುವುದು ಇವನ್ನು ತಡೆಯಲಿಕ್ಕೇ.

ಅವರು ಕನ್ನಡಕ ತೆಗೆದು ಬಗ್ಗಿ ನೋಡಿದರು. ತುಂಬ ಹೊತ್ತು ತಲೆ ಎತ್ತಲಿಲ್ಲ. "ನಲವತ್ತು ವರ್ಷದಿಂದ ಇದಕ್ಕೆ ಮದ್ದು ಬಿಡ್ತಾ ಇದ್ದೇನೆ. ಇವತ್ತು ನೋಡಿದೆ" ಎಂದರು. ಆಮೇಲೆ ಹಿಂದೆ ನಿಂತಿದ್ದ ಮೊಮ್ಮಗಳನ್ನು ಕರೆದು ಸ್ಟೂಲಿನ ಮೇಲೆ ನಿಲ್ಲಿಸಿದರು. ಸಭಾಂಗಣದ ವಾಚ್‌ಮನ್ ಬೀಗ ಹಿಡಿದುಕೊಂಡು ಬಂದಾಗ ಸಾಲಿನಲ್ಲಿ ಇನ್ನೂ ಐದಾರು ಜನ ಇದ್ದರು. ಅವರೂ ಬೀಗವನ್ನು ಮೇಜಿನ ಮೇಲಿಟ್ಟು ಸಾಲಿನ ಕೊನೆಗೆ ನಿಂತರು.